ನರ್ಸ್‌ಗಳ ರಿಸರ್ಚ್ ಡೆಸ್ಕ್: ಒಂದು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ನಾನು ಲೇಬರ್ ವಾರ್ಡಿನ ಸ್ಟಾಫ್ ನರ್ಸ್, ಹದಿನಾಲ್ಕು ವರ್ಷದ ಸರ್ವಿಸ್. ನಾನಿರುವ ಟ್ರಸ್ಟ್ ಆಸ್ಪತ್ರೆಯಲ್ಲಿ ಹೋದ ವರ್ಷ ನರ್ಸ್‌ಗಳಿಗೆ, ಫಿಸಿಯೋ, ಲ್ಯಾಬ್, ಡಯಟ್ ವಿಭಾಗದವರಿಗೆ ಅಂತ ಒಂದು ರಿಸರ್ಚ್ ಡೆಸ್ಕ್ ಶುರು ಮಾಡಿದರು. ಲೈಬ್ರರಿ ಪಕ್ಕ ಒಂದು ಚಿಕ್ಕ ರೂಮು, ಒಂದು ಕಂಪ್ಯೂಟರ್. ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ಸ್ಟ್ಯಾಟಿಸ್ಟಿಷಿಯನ್ ಸರ್ ಮತ್ತು ನರ್ಸಿಂಗ್ ಕಾಲೇಜಿನ ಒಬ್ಬ ಮೇಡಂ ಕೂರುತ್ತಾರೆ, ಬೇಕಾದಾಗ ಲೈಬ್ರರಿಯನ್ ಬರುತ್ತಾರೆ. ಅಷ್ಟೇ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ, ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ. ಬೇರೆ ಊರಿನ ಗೆಳತಿಯರು "ನಮ್ಮಲ್ಲೂ ಮಾಡ್ತಾರಂತೆ, ಹೋಗೋದು ಲಾಭನಾ?" ಅಂತ ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದು.

ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಆದರೆ ಟೈಮ್ ವಿಷಯ ಮಾತಾಡಿಕೊಂಡು ಹೋಗಿ. ಅದನ್ನು ಆಮೇಲೆ ಬರೆಯುತ್ತೇನೆ.

ಮೊದಲ ದಿನ ನಾನು ತೆಗೆದುಕೊಂಡು ಹೋದ ವಿಷಯ ಎದೆಹಾಲು ಕುಡಿಸುವ ಬಗ್ಗೆ "ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ". ನರ್ಸಿಂಗ್ ಓದಿದವರಿಗೆಲ್ಲ ಇದು ಗೊತ್ತು. ಒಂದು ಪ್ರಶ್ನೆಪತ್ರಿಕೆ ಕೊಡುವುದು, ಪಾಠ ಮಾಡುವುದು, ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಡುವುದು, ಮಾರ್ಕ್ಸ್ ಜಾಸ್ತಿ ಬಂತು ಅಂತ ಬರೆಯುವುದು. ಕಾಲೇಜಿನಲ್ಲಿ ನಾವು ಕಲಿತ ರಿಸರ್ಚ್ ಅಂದರೆ ಅದೇ. ಸರ್ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಸಿಸ್ಟರ್, ಇದರ ಉತ್ತರ ಬಂದ ಮೇಲೆ ನಿಮ್ಮ ವಾರ್ಡಿನಲ್ಲಿ ಏನು ಬದಲಾಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಮೇಡಂ, "ಡ್ಯೂಟಿ ಮುಗಿಸಿ ಮನೆಗೆ ಹೋದ ಮೇಲೂ ನಿಮಗೆ ತಲೆಯಲ್ಲಿ ಕೊರೆಯೋದು ಯಾವುದು, ಅದನ್ನು ಹೇಳಿ" ಅಂದರು.

ಕೊರೆಯುವುದು ಒಂದಿತ್ತು. ಹೆರಿಗೆ ಆದ ಮೇಲೆ ಎಷ್ಟು ರಕ್ತ ಹೋಯಿತು ಅಂತ ಕೇಸ್ ಶೀಟಿನಲ್ಲಿ ಬರೆಯುತ್ತೇವೆ. ಹೆಚ್ಚಿನ ಶೀಟುಗಳಲ್ಲಿ ಒಂದೇ ಥರದ ಅಂಕಿ, 200 ಎಂಎಲ್, 250 ಎಂಎಲ್. ಯಾರೂ ಅಳೆದಿರುವುದಿಲ್ಲ, ಕಣ್ಣಂದಾಜು. 500 ದಾಟಿದರೆ ಅದು ಪಿಪಿಎಚ್, ಅಂದರೆ ಹೆರಿಗೆ ನಂತರದ ಅತಿಯಾದ ರಕ್ತಸ್ರಾವ, ಓಡಾಟ ಶುರುವಾಗಬೇಕು. ಆದರೆ ಶೀಟಿನಲ್ಲಿ 300 ಅಂತ ಇದ್ದ ಬಾಣಂತಿಗೆ ಎರಡು ಗಂಟೆ ಬಿಟ್ಟು ಬಿಪಿ ಇಳಿದದ್ದನ್ನು ನಾನೇ ನೋಡಿದ್ದೇನೆ. ಆ ಹುಡುಗಿ ಉಳಿದಳು, ರಕ್ತ ಕೊಟ್ಟರು. ಆದರೆ ಆ ರಾತ್ರಿ ನಾನು ಮರೆತಿಲ್ಲ. "ನಮ್ಮ ಕಣ್ಣಂದಾಜು ಎಷ್ಟು ಸರಿ?" ಇದೇ ಪ್ರಶ್ನೆ ಅಂತ ಅಲ್ಲೇ ತೀರ್ಮಾನ ಆಯಿತು. ಒಂದೇ ಭೇಟಿ, ನಲವತ್ತು ನಿಮಿಷ. ಈ ಡೆಸ್ಕಿನಿಂದ ನನಗೆ ಸಿಕ್ಕ ಅತಿ ದೊಡ್ಡ ಸಹಾಯ ಇದು.

ಎರಡನೇ ಭೇಟಿಯಲ್ಲಿ ಲೈಬ್ರರಿಯನ್ ಕೂತು ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ವೆಬ್‌ಸೈಟಿನಲ್ಲಿ ಹುಡುಕುವುದು ತೋರಿಸಿದರು, ಸಿಕ್ಕಿದ್ದನ್ನು ಇಟ್ಟುಕೊಳ್ಳುವುದಕ್ಕೆ ಜೊಟೆರೊ ಹಾಕಿಕೊಟ್ಟರು, ಅದು ಉಚಿತ. ಅಲ್ಲಿ ಸಿಕ್ಕಿದ್ದು ನೋಡಿ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು, ಯಾಕಂದರೆ ಅದು ನಮ್ಮ ಬೆಳಗಾವಿಯದು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಟ್ರಯಲ್ ಮಾಡಿದ್ದರು. 1620 ಹೆಂಗಸರು. ಅರ್ಧ ಜನಕ್ಕೆ ಮಗು ಹುಟ್ಟಿದ ಕೂಡಲೇ ಗರ್ಭಕೋಶ ಕುಗ್ಗಿಸಿ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ 600 ಮೈಕ್ರೋಗ್ರಾಂ, ಉಳಿದ ಅರ್ಧಕ್ಕೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ಯಾರು ಗೊತ್ತಾ? ಎಎನ್‌ಎಂಗಳು, ಅಂದರೆ ಹಳ್ಳಿಯ ಸಹಾಯಕ ನರ್ಸ್‌-ಸೂಲಗಿತ್ತಿಯರು. ಮನೆಯಲ್ಲಿ, ಸಬ್‌ಸೆಂಟರಿನಲ್ಲಿ ಹೆರಿಗೆ ಮಾಡಿಸುವ ನಮ್ಮ ಎಎನ್‌ಎಂ ಅಕ್ಕಂದಿರು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 12 ಜನಕ್ಕೆ ಪಿಪಿಎಚ್ ಆಗಿತ್ತು, ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಲ್ಲಿ 6.4. 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. 2011ರಲ್ಲಿ ಈ ಉಪಯೋಗಕ್ಕೆ ಮಿಸೊಪ್ರೊಸ್ಟಾಲ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿತು.

ರಕ್ತ ಅಳೆಯುವುದಕ್ಕೆ ಅವರು ಬಳಸಿದ್ದು ಬ್ರಾಸ್-ವಿ ಡ್ರೇಪ್. ಮಗು ಬಂದ ಮೇಲೆ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಗೆರೆ ಹಾಕಿದ ಚೀಲ. ರಕ್ತ ಅದರಲ್ಲಿ ಇಳಿಯುತ್ತೆ, ಗೆರೆ ಓದಿದರೆ ಆಯಿತು. ಹಾಲಿನ ಅಳತೆ ನೋಡಿದಷ್ಟೇ ಸುಲಭ. ಅದೇ ಬೆಳಗಾವಿಯಲ್ಲಿ ಕಣ್ಣಂದಾಜು ಮತ್ತು ಡ್ರೇಪ್ ಅಳತೆಯನ್ನು ಹೋಲಿಸಿಯೂ ನೋಡಿದ್ದರು, ಕಣ್ಣಂದಾಜು ಮೂರರಲ್ಲಿ ಒಂದು ಪಾಲು ಕಡಿಮೆ ಬಂದಿತ್ತು. ಇದೇ ಥರದ ಡ್ರೇಪ್ ಇಟ್ಟುಕೊಂಡು ಆಮೇಲೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಅನ್ನುವ ದೊಡ್ಡ ಟ್ರಯಲ್ ನಡೆಯಿತು, ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆಗಳು. 2023ರಲ್ಲಿ ಫಲಿತಾಂಶ ಬಂತು. ಅಳೆದು, ಬೇಗ ಗುರುತಿಸಿ, ಗರ್ಭಕೋಶದ ಮಸಾಜು, ಅದನ್ನು ಕುಗ್ಗಿಸುವ ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ಪು, ಪರೀಕ್ಷೆ ಎಲ್ಲ ಒಟ್ಟಿಗೆ ಶುರು ಮಾಡಿದ ಕಡೆ ತೀವ್ರ ತೊಂದರೆ ಶೇಕಡಾ 60 ಕಡಿಮೆ. ಪಿಪಿಎಚ್ ಆದವರಲ್ಲಿ ನೂರಕ್ಕೆ 93 ಜನರನ್ನು ಅಲ್ಲಿ ಗುರುತಿಸಿದ್ದರು, ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ 51. ಇದನ್ನೆಲ್ಲ ಓದುವಾಗ ನನಗೆ ಅನಿಸಿದ್ದು ಒಂದೇ. ಹೆರಿಗೆ ಹೊತ್ತಿನಲ್ಲಿ ಹಾಸಿಗೆ ಪಕ್ಕ ನಿಂತಿರುವವರು ನಾವು. ಅಳೆಯುವುದು ನಮ್ಮ ಕೈಯಲ್ಲಿದೆ. ಹಾಗಿದ್ದಮೇಲೆ ಪ್ರಶ್ನೆ ಕೇಳುವುದೂ ನಮ್ಮ ಕೆಲಸ, ಅಲ್ವಾ?

ಒಂದು ಕೊರತೆ ಇಲ್ಲೇ ಹೇಳುತ್ತೇನೆ. ಪೂರ್ತಿ ಲೇಖನಗಳು ಸಿಗುವುದು ಕಷ್ಟ. 2025ರ ಜನವರಿಯಿಂದ ಸರ್ಕಾರಿ ಕಾಲೇಜು, ಸಂಸ್ಥೆಗಳಿಗೆ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅನ್ನುವ ಯೋಜನೆ ಬಂದಿದೆ, ಅಲ್ಲಿರುವವರಿಗೆ ಸಾವಿರಾರು ಜರ್ನಲ್ ಸಿಗುತ್ತವೆ, ದಯವಿಟ್ಟು ಬಳಸಿಕೊಳ್ಳಿ. ನಮ್ಮದು ಖಾಸಗಿ ಟ್ರಸ್ಟು, ನಮಗಿಲ್ಲ. ಲೈಬ್ರರಿಯನ್ ಬರೆದವರಿಗೇ ಮೇಲ್ ಹಾಕಿ ಪ್ರತಿ ತರಿಸಿಕೊಡುತ್ತಾರೆ, ಕೆಲವರು ಕಳಿಸುತ್ತಾರೆ, ಕೆಲವರು ಇಲ್ಲ.

ಡ್ರೇಪ್ ತರಿಸುವುದಕ್ಕೆ ನಮ್ಮಲ್ಲಿ ದುಡ್ಡು ಮಂಜೂರಾಗಲಿಲ್ಲ. ತೂಕ ಮಾಡೋಣ ಅಂದರು ಸರ್. ಒಂದು ಗ್ರಾಂ ರಕ್ತ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಒಣ ಪ್ಯಾಡಿನ ತೂಕ ಮೊದಲೇ ಬರೆದಿಟ್ಟುಕೊಂಡು, ನೆನೆದ ಪ್ಯಾಡಿನ ತೂಕದಿಂದ ಕಳೆದರೆ ಆಯಿತು. ಕೇಳಲು ಸುಲಭ, ಮಾಡುವಾಗ ಒಂದೊಂದೇ ತೊಡಕು. ಮಗುವಿನ ಜೊತೆ ಬರುವ ನೀರು ಪ್ಯಾಡಿಗೆ ಸೇರಿದರೆ ಲೆಕ್ಕವೇ ತಪ್ಪು, ಹಾಗಾಗಿ ಮಗು ಬಂದ ಕೂಡಲೇ ಕೆಳಗಿನ ಹಾಸು ಬದಲಾಯಿಸಬೇಕು. ಆ ಗಳಿಗೆಯಲ್ಲಿ ಕೈ ಖಾಲಿ ಇರುವವರು ಯಾರು? ಹೆರಿಗೆ ಮಾಡಿಸುವ ಸಿಸ್ಟರ್ ಅಲ್ಲ, ಮಗುವನ್ನು ಒರೆಸುವ ಸಿಸ್ಟರೂ ಅಲ್ಲ. ಕೊನೆಗೆ ಆಯಾ ಅಮ್ಮನಿಗೆ ಕಲಿಸಿದೆವು, ಅವರು ನಮಗಿಂತ ಚೆನ್ನಾಗಿ ಮಾಡಿದರು. ಇನ್ನೊಂದು ಮಾತು ಸರ್ ಹೇಳಿದ್ದು ನನಗೆ ತುಂಬ ಹಿಡಿಸಿತು. ತೂಕ ಗೊತ್ತಾದ ಮೇಲೆ ಅಂದಾಜು ಬರೆದರೆ ಅಂದಾಜು ತಾನಾಗೇ ತೂಕದ ಕಡೆ ಜಾರುತ್ತೆ. ಆದ್ದರಿಂದ ಮೊದಲು ಅಂದಾಜು ಬರೆದು ಚೀಟಿ ಡಬ್ಬಿಗೆ ಹಾಕಬೇಕು, ಆಮೇಲೆ ಬೇರೆ ಸಿಸ್ಟರ್ ತೂಕ ಮಾಡಬೇಕು. ಆದರೆ ತೂಕ ಜಾಸ್ತಿ ಬಂದರೆ ಸ್ಟಡಿ ಅಂತ ಮುಚ್ಚಿಡುವಂತಿಲ್ಲ, ಆ ಕ್ಷಣವೇ ಡಾಕ್ಟರಿಗೆ ಹೇಳಬೇಕು. ಇದನ್ನು ಮೊದಲ ಪುಟದಲ್ಲೇ ಬರೆಸಿದರು.

ಸ್ಟಡಿಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಅಂದರೆ ನನಗೆ ಭಯ ಇತ್ತು. ಮೇಡಂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ತೆರೆದಿಟ್ಟುಕೊಂಡು ಅರ್ಜಿ ಬರೆಸಿದರು. ಒಪ್ಪಿಗೆ ಪತ್ರದ ಕನ್ನಡ ಮೊದಲು ಬರೆದದ್ದು ಓದಿದರೆ ನನಗೇ ಅರ್ಥ ಆಗುತ್ತಿರಲಿಲ್ಲ. "ಪ್ರಸವೋತ್ತರ ರಕ್ತಸ್ರಾವದ ಪರಿಮಾಣಾತ್ಮಕ ಮೌಲ್ಯಮಾಪನ". ಮೇಡಂ ಅದನ್ನು ಪಕ್ಕಕ್ಕೆ ಸರಿಸಿ, "ನೀವು ಒಬ್ಬ ಬಸುರಿ ಹೆಂಗಸಿಗೆ ಬಾಯಲ್ಲಿ ಹೇಗೆ ಹೇಳ್ತೀರೋ ಹಾಗೇ ಬರೀರಿ" ಅಂದರು. "ಹೆರಿಗೆ ಆದಮೇಲೆ ಹೋಗುವ ರಕ್ತವನ್ನು ತೂಕ ಮಾಡಿ ನೋಡುತ್ತೇವೆ. ಬೇಡ ಅಂದರೂ ನಿಮ್ಮ ಆರೈಕೆಯಲ್ಲಿ ಏನೂ ಕಡಿಮೆ ಆಗುವುದಿಲ್ಲ." ಹೀಗೆ ಬರೆದೆ. ಕಮಿಟಿಯಲ್ಲಿ ಒಬ್ಬರು ಕೇಳಿದ್ದು ಇನ್ನೂ ಮುಖ್ಯ. ನೋವು ತಿನ್ನುತ್ತಿರುವವಳ ಕೈಗೆ ಪೆನ್ನು ಕೊಟ್ಟು ಸಹಿ ಹಾಕಿಸಿದರೆ ಅದು ಒಪ್ಪಿಗೆಯಾ? ಅಲ್ಲ. ಅದಕ್ಕೆ ಒಂಬತ್ತನೇ ತಿಂಗಳಿನ ಚೆಕಪ್ಪಿಗೆ ಬಂದಾಗಲೇ ಒಪಿಡಿಯಲ್ಲಿ ಕೂರಿಸಿಕೊಂಡು ಹೇಳುವುದು ಅಂತ ಬದಲಾಯಿಸಿದೆವು. ಒಬ್ಬ ತಾಯಿ ಪತ್ರ ಓದಿ, "ನಮ್ಮಕ್ಕನಿಗೆ ಹೀಗೇ ಆಗಿತ್ತು ಸಿಸ್ಟರ್, ಅಳೀರಿ" ಅಂದರು.

ಈಗ ಟೈಮ್ ವಿಷಯ. ಡೆಸ್ಕ್ ತೆರೆದಿರುವುದು ಎರಡರಿಂದ ನಾಲ್ಕು. ಮಾರ್ನಿಂಗ್ ಶಿಫ್ಟ್ ಮುಗಿಯುವುದು ಎರಡಕ್ಕೆ, ಹ್ಯಾಂಡ್‌ಓವರ್ ಕೊಟ್ಟು ಬರುವಾಗ ಎರಡೂವರೆ, ಒಂದು ಹೆರಿಗೆ ಮಧ್ಯೆ ಇದ್ದರೆ ಮೂರೂವರೆ. ಆಫ್ಟರ್‌ನೂನ್ ಶಿಫ್ಟಿನವರು ಆಗ ತಾನೇ ಬಂದಿರುತ್ತಾರೆ, ಬಿಟ್ಟು ಬರುವಂತಿಲ್ಲ. ನೈಟ್ ಮುಗಿಸಿದವರು ಮಲಗಿರುತ್ತಾರೆ. ಹಾಗಾದರೆ ಯಾರು ಬರಬೇಕು? ಮೊದಲ ಆರು ತಿಂಗಳು ನಾನು ಹೋದದ್ದೆಲ್ಲ ವಾರದ ರಜೆಯಲ್ಲಿ, ಮಗಳನ್ನು ಅತ್ತೆ ಹತ್ತಿರ ಬಿಟ್ಟು, ಎರಡು ಬಸ್ಸು ಹತ್ತಿ. ಡಾಕ್ಟರುಗಳಿಗೆ ರಿಸರ್ಚ್ ಕೆಲಸದ ಭಾಗ, ನಮಗೆ ಅದು ಸ್ವಂತ ಸಮಯದಲ್ಲಿ ಮಾಡುವ ಸೇವೆ ಅನ್ನುವ ಹಾಗೆ ಇದೆ. ಇದು ಸರಿಯಲ್ಲ. ಜೊತೆಗೆ ಶುರು ಮಾಡಿದ ಐದು ಜನರಲ್ಲಿ ಮೂವರು ಬಿಟ್ಟರು, ಬುದ್ಧಿ ಕಡಿಮೆಯಾಗಿ ಅಲ್ಲ, ಡ್ಯೂಟಿ ಲಿಸ್ಟಿನಲ್ಲಿ ಜಾಗ ಇಲ್ಲದೆ. ಅವರಲ್ಲಿ ಒಬ್ಬಳು ಐಸಿಯು ಹುಡುಗಿ, ಬೆಡ್‌ಸೋರ್ ಬಗ್ಗೆ ಅವಳಿಗಿದ್ದ ಪ್ರಶ್ನೆ ನನ್ನದಕ್ಕಿಂತ ಚೆನ್ನಾಗಿತ್ತು. ಅದು ಅಲ್ಲಿಗೇ ನಿಂತುಹೋಗಿದ್ದು ನನಗೆ ಇವತ್ತಿಗೂ ಬೇಜಾರು.

ನಾವು ಬರೆದುಕೊಟ್ಟ ಮೇಲೆ ಸ್ವಲ್ಪ ಬದಲಾಗಿದೆ. ತಿಂಗಳಿಗೊಮ್ಮೆ ಸರ್ ಮತ್ತು ಮೇಡಂ ವಾರ್ಡಿಗೇ ಬರುತ್ತಾರೆ. ಇನ್‌ಚಾರ್ಜ್ ಸಿಸ್ಟರ್ ಸಹಿ ಹಾಕಿದರೆ ತಿಂಗಳಿಗೆ ನಾಲ್ಕು ಗಂಟೆ ಡ್ಯೂಟಿಯಲ್ಲೇ ಸಿಗುತ್ತೆ. ಸಿಗಬೇಕಾದರೆ ಆ ದಿನ ಯಾರೂ ರಜೆ ಹಾಕಿರಬಾರದು. ನನಗೆ ಕೊನೆಯ ಆರು ತಿಂಗಳಲ್ಲಿ ಮೂರು ಸಲ ಸಿಕ್ಕಿತು.

ಹೆಸರಿನ ವಿಷಯದಲ್ಲಿ ಮಾತ್ರ ಈ ಡೆಸ್ಕಿಗೆ ಪೂರ್ತಿ ಮಾರ್ಕ್ಸ್. ಹಿಂದೆ ಬೇರೆ ಕಡೆ ಇದ್ದಾಗ ಒಬ್ಬರ ಥೀಸಿಸ್‌ಗೆ ರಾತ್ರಿಯೆಲ್ಲ ಪ್ರೊಫಾರ್ಮ ತುಂಬಿದ್ದೆ, ಪೇಪರ್ ಬಂದಾಗ ಥ್ಯಾಂಕ್ಸ್ ಸಾಲಿನಲ್ಲೂ ನನ್ನ ಹೆಸರಿರಲಿಲ್ಲ. ಇಲ್ಲಿ ಮೊದಲ ವಾರವೇ ಒಂದು ಹಾಳೆಯಲ್ಲಿ ಯಾರು ಏನು ಮಾಡುತ್ತಾರೆ, ಯಾರ ಹೆಸರು ಎಲ್ಲಿ ಅಂತ ಬರೆದು ಎಲ್ಲರ ಸಹಿ ಹಾಕಿಸುತ್ತಾರೆ. ನಮ್ಮ ಹಾಳೆಯಲ್ಲಿ ಆಯಾ ಅಮ್ಮನ ಹೆಸರು ಕೃತಜ್ಞತೆಯಲ್ಲಿದೆ, ಅವರನ್ನು ಕೇಳಿಯೇ ಬರೆದದ್ದು.

ಅಲೈಡ್ ಹೆಲ್ತ್ ಕಡೆಯವರಿಗೆ, ಅಂದರೆ ಫಿಸಿಯೋ, ಲ್ಯಾಬ್, ಡಯಟ್ ವಿಭಾಗದವರಿಗೆ, ಡೆಸ್ಕ್ ಇನ್ನೂ ಅರ್ಧಂಬರ್ಧ. ಬೋರ್ಡಿನಲ್ಲಿ ಅವರ ಹೆಸರಿದೆ, ಒಳಗೆ ಅವರ ವಿಷಯ ಗೊತ್ತಿರುವವರು ಯಾರೂ ಇಲ್ಲ. 2021ರ ಕಾಯ್ದೆಯಿಂದ ಅವರಿಗೆ ರಾಷ್ಟ್ರಮಟ್ಟದಲ್ಲಿ ಆಯೋಗವೇ ಬಂದಿದೆ, ಆಸ್ಪತ್ರೆಯಲ್ಲಿ ಒಂದು ಕುರ್ಚಿ ಬರಬೇಕಷ್ಟೆ. ಆದರೂ ಒಂದು ಒಳ್ಳೆಯದಾಯಿತು. ಲ್ಯಾಬಿನ ಟೆಕ್ನಾಲಜಿಸ್ಟ್ ಒಬ್ಬರು ಅದೇ ರೂಮಿನಲ್ಲಿ ಸಿಕ್ಕು, "ನಿಮ್ಮ ವಾರ್ಡಿನ ಸ್ಯಾಂಪಲ್ ಯಾಕೆ ಜಾಸ್ತಿ ಹೀಮೊಲೈಸ್ ಆಗಿ ಬರುತ್ತೆ ಸಿಸ್ಟರ್?" ಅಂತ ಕೇಳಿದರು. ವರ್ಷಗಟ್ಟಲೆ ಫೋನಿನಲ್ಲಿ "ಸ್ಯಾಂಪಲ್ ರಿಪೀಟ್" ಅಂತ ಮಾತ್ರ ಕೇಳಿದ್ದ ದನಿ ಅದು. ಕೂತು ಮಾತಾಡಿದಾಗ ಗೊತ್ತಾಯಿತು, ನಾವು ಎಷ್ಟೋ ಸಲ ಕ್ಯಾನುಲಾದಿಂದಲೇ ರಕ್ತ ಎಳೆಯುತ್ತೇವೆ, ಹಾಗೆ ಎಳೆದರೆ ಕೆಂಪು ರಕ್ತಕಣ ಒಡೆಯುವುದು ಜಾಸ್ತಿ. ಈಗ ಇಬ್ಬರೂ ಸೇರಿ ಅದನ್ನು ಲೆಕ್ಕ ಹಾಕುತ್ತಿದ್ದೇವೆ.

ಖರ್ಚು ಹೇಳಬೇಕೆಂದರೆ ಸ್ಟಾಫ್‌ಗೆ ಡೆಸ್ಕ್ ಉಚಿತ. ಒಪ್ಪಿಗೆ ಪತ್ರದ ಜೆರಾಕ್ಸ್, ತೂಕದ ಮಷಿನ್ ನಮ್ಮ ಕೈಯಿಂದ. ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಡ್ಯೂಟಿ ಲಿಸ್ಟಿನಲ್ಲಿದೆ.

ನಮ್ಮ ಸ್ಟಡಿ ಮೂರು ತಿಂಗಳು ನಡೆಯಿತು. ರಕ್ತ ಕಡಿಮೆ ಹೋದಾಗ ನಮ್ಮ ಕಣ್ಣು ಪರವಾಗಿಲ್ಲ, ಜಾಸ್ತಿ ಹೋದಾಗಲೇ ಕಡಿಮೆ ಬರೆಯುತ್ತೇವೆ. ಎಚ್ಚರ ಬೇಕಾದ ಹೊತ್ತಿನಲ್ಲೇ ತಪ್ಪುತ್ತೇವೆ. ಇದನ್ನು ಡಾಕ್ಟರುಗಳ ಮೀಟಿಂಗಿನಲ್ಲಿ ನಾನೇ ನಿಂತು ಹೇಳಿದೆ, ಕನ್ನಡ ಇಂಗ್ಲಿಷ್ ಬೆರೆಸಿ, ಎಂಟು ನಿಮಿಷ. ಪೇಪರ್ ಇನ್ನೂ ಬರೆಯುತ್ತಿದ್ದೇವೆ. ಆದರೆ ತೂಕದ ಮಷಿನ್ ಸ್ಟಡಿ ಮುಗಿದ ಮೇಲೂ ಟ್ರಾಲಿ ಮೇಲೇ ಇದೆ, ಒಣ ಪ್ಯಾಡಿನ ತೂಕ ಗೋಡೆಗೆ ಅಂಟಿಸಿದ್ದೇವೆ, ಹೋದ ವಾರ ನೈಟ್ ಡ್ಯೂಟಿಯ ಹೊಸ ಸಿಸ್ಟರ್ 420 ಬಂದ ಕೂಡಲೇ, 500 ಆಗಲಿ ಅಂತ ಕಾಯದೆ ಡಾಕ್ಟರಿಗೆ ಫೋನ್ ಮಾಡಿದಳು.