ಮುಳುಗಿದ ಊರಿನ ಜಲವರ್ಣ: ಚಿತ್ರಸಂತೆಯಲ್ಲಿ ಕೊಂಡ ಒಂದು ಚಿತ್ರ

ಶರಾವತಿ ಹಿನ್ನೀರಿನ ಚಿತ್ರ ಎಂದರೆ ನಮ್ಮ ಕಣ್ಣಿಗೆ ರೂಢಿಯಾಗಿರುವುದು ಒಂದೇ ಬಗೆ. ಕಿತ್ತಳೆ ಬಣ್ಣದ ಸೂರ್ಯಾಸ್ತ, ನಡುವೆ ಹಸಿರು ನಡುಗಡ್ಡೆ, ಸಿಗಂದೂರಿಗೆ ಹೊರಟ ಲಾಂಚು. ಕ್ಯಾಲೆಂಡರಿನಲ್ಲೂ ಅದೇ, ಹೋಂ ಸ್ಟೇ ಗೋಡೆಯ ಮೇಲೂ ಅದೇ. ಆ ನೀರಿನ ಅಡಿಯಲ್ಲಿ ಗದ್ದೆ, ತೋಟ, ಅಂಗಳ, ಬಾವಿ ಇವೆ ಎಂಬುದು ಆ ಚಿತ್ರಗಳಲ್ಲಿ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಈ ಸಲ ಬೆಂಗಳೂರಿನ ಚಿತ್ರಸಂತೆಯಲ್ಲಿ (ಕಲಾವಿದರು ರಸ್ತೆಯಲ್ಲೇ ಚಿತ್ರ ಮಾರುವ ವಾರ್ಷಿಕ ಸಂತೆ ಅದು) ಸಾಗರದ ಕಡೆಯ ಹುಡುಗನೊಬ್ಬ ಕುಮಾರಕೃಪಾ ರಸ್ತೆಯ ಫುಟ್‌ಪಾತಿನ ಮೇಲೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ್ದ ಜಲವರ್ಣಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಒಂದನ್ನು ಕೊಂಡೆ. 11 ಇಂಚಿಗೆ 15 ಇಂಚಿನ ಕಾಗದ, 6,500 ರೂಪಾಯಿ. ಕೊಟ್ಟ ದುಡ್ಡಿಗೆ ನೂರಕ್ಕೆ ನೂರು ತೃಪ್ತಿ ಇದೆ. ಆದರೆ ಅವನು ಮಾರುತ್ತಿದ್ದ ಎಲ್ಲ ಚಿತ್ರಗಳ ಬಗ್ಗೆಯೂ ಹೀಗೇ ಹೇಳಲಾರೆ.

ಇನ್ನೂ ಸ್ವಂತದ್ದೊಂದು ಪ್ರದರ್ಶನವೂ ಆಗಿಲ್ಲ, ಸದ್ಯಕ್ಕೆ ಹೆಸರು ಬೇಡ ಎಂದು ಅವನೇ ಕೇಳಿಕೊಂಡಿದ್ದರಿಂದ ಹೆಸರು ಹಾಕುತ್ತಿಲ್ಲ. ಕಲಾಶಾಲೆ ಮುಗಿಸಿ ಹೆಚ್ಚು ಕಾಲವಾಗಿಲ್ಲ. ಈ ಹಿನ್ನೀರಿಗೆ ಊರು ಕಳೆದುಕೊಂಡ ಮುಳುಗಡೆ ಕುಟುಂಬದ ಮೂರನೇ ತಲೆಮಾರು. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಇವನು ಹುಟ್ಟುವ ಹೊತ್ತಿಗೆ ಊರು ಮುಳುಗಿ ಮೂವತ್ತು ವರ್ಷ ದಾಟಿತ್ತು. ತಾನು ಎಂದೂ ನೋಡದ ಊರನ್ನು ಅಜ್ಜಿಯ ಮಾತಿನಿಂದ ಬರೆಯುತ್ತಾನೆ.

ಬರೆಯುವ ಕ್ರಮ ಕೇಳಿ ನನಗೆ ಬೆರಗಾಯಿತು. ಮೊದಲು ದಪ್ಪ ಹತ್ತಿ ಕಾಗದದ ಮೇಲೆ, 300 ಜಿಎಸ್‌ಎಂನದ್ದು (ಚದರ ಮೀಟರಿಗೆ 300 ಗ್ರಾಂ ತೂಕ), ಊರನ್ನು ಪೂರ್ತಿ ಬರೆಯುತ್ತಾನೆ. ಮನೆ, ಅಂಗಳದ ಅಡಿಕೆ ಚಪ್ಪರ, ಕೊಟ್ಟಿಗೆ, ಗದ್ದೆಯ ಅಂಚು, ಹೊಳೆಗೆ ಇಳಿಯುವ ದಾರಿ, ಯಾವುದನ್ನೂ ಬಿಡುವುದಿಲ್ಲ. ಅದು ಚೆನ್ನಾಗಿ ಒಣಗಿದ ಮೇಲೆ ಇಡೀ ಹಾಳೆಯನ್ನು ನಲ್ಲಿಯ ಕೆಳಗೆ ಹಿಡಿದು, ಮೆದು ಬ್ರಷ್‌ನಿಂದ ಉಜ್ಜಿ ತೊಳೆಯುತ್ತಾನೆ. ಜಲವರ್ಣದಲ್ಲಿ ಕೆಲವು ಬಣ್ಣ ಕಾಗದದ ನಾರಿನೊಳಗೆ ಇಳಿದು ಕಲೆಯಾಗಿ ಕೂರುತ್ತವೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಥಾಲೋ ಹಸಿರು ಅಂಥದ್ದು. ಮಣ್ಣಿನ ಬಣ್ಣಗಳ ಕಣ ದಪ್ಪ, ಅವು ಮೇಲ್ಮೈಯಲ್ಲೇ ಕೂತಿರುವುದರಿಂದ ನೀರು ಬಿದ್ದೊಡನೆ ಬಹುಪಾಲು ಎದ್ದು ಹೋಗುತ್ತವೆ. ಹಾಗಾಗಿ ತೊಳೆದ ಹಾಳೆಯಲ್ಲಿ ಗದ್ದೆಯ ಹಸಿರು ಮಸುಕಾಗಿ ಉಳಿದಿರುತ್ತದೆ, ಮನೆಯ ಮಣ್ಣುಗೋಡೆಯೂ ಹಂಚಿನ ಕೆಂಪೂ ಕೊಚ್ಚಿಹೋಗಿರುತ್ತವೆ. ಅದರ ಮೇಲೆ ಈಗಿನ ಹಿನ್ನೀರನ್ನು ಬರೆಯುತ್ತಾನೆ. ತೆಳುವಾದ ಬೂದುನೀಲಿ ಪದರಗಳು, ಒಂದರ ಮೇಲೊಂದು, ಪ್ರತಿ ಪದರ ಒಣಗುವ ತನಕ ಕಾದು.

ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದರೆ ಮಾತ್ರ ಇದು ತಿಳಿಯುತ್ತದೆ. ನಾಲ್ಕು ಅಡಿ ದೂರದಿಂದ ಕಾಣುವುದು ಬೇಸಿಗೆಯ ನೀರು, ದಂಡೆ, ಒಂದಿಷ್ಟು ಬೊಡ್ಡೆಗಳು. ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ನೀರಿನ ಪದರದ ಅಡಿಯಿಂದ ಮೊದಲು ಗದ್ದೆಯ ಅಂಚು ಮೂಡುತ್ತದೆ, ಆಮೇಲೆ ಚಪ್ಪರದ ಕಂಬಗಳ ಸಾಲು. ನನ್ನ ಚಿತ್ರದಲ್ಲಿ ಎಡಗಡೆ ಕೆಳಗೆ ಬಾವಿಕಟ್ಟೆಯ ಅರ್ಧ ಸುತ್ತು ಇದೆ. ಕೊಂಡ ದಿನ ನನಗೆ ಅದು ಕಂಡಿರಲೇ ಇಲ್ಲ.

ಕನಸಿನಂಥ ಭೂದೃಶ್ಯ ಎಂದು ಹೇಳಿಕೊಳ್ಳುವ ಚಿತ್ರಗಳು ಸಂತೆಯಲ್ಲಿ ಬೇಕಾದಷ್ಟಿದ್ದವು. ಮಂಜು, ಒಂಟಿ ಮರ, ಚಂದ್ರ, ದೋಣಿ. ಅವು ಯಾವ ಊರಿನವು ಎಂದು ಕೇಳಿದರೆ ಯಾವ ಊರಿನವೂ ಆಗಿರುವುದಿಲ್ಲ. ಈ ಹುಡುಗನ ಚಿತ್ರಗಳು ಮನಸ್ಸಿಗೆ ನಾಟುವುದು ಅವನು ಜಾಗವನ್ನು ಅಷ್ಟು ಖಚಿತವಾಗಿ ಬರೆಯುವುದರಿಂದ. ಏಪ್ರಿಲ್, ಮೇ ಹೊತ್ತಿಗೆ ನೀರು ಇಳಿದಾಗ ನಡುಗಡ್ಡೆಗಳ ಸುತ್ತ ಜಂಬಿಟ್ಟಿಗೆಯ ಕೆಂಪು ದಂಡೆ ಮೆಟ್ಟಿಲು ಮೆಟ್ಟಿಲಾಗಿ ತೆರೆದುಕೊಳ್ಳುತ್ತದೆ. ನೀರು ಎಲ್ಲೆಲ್ಲಿ ಕೆಲವು ದಿನ ನಿಂತು ಇಳಿಯಿತೋ ಅಲ್ಲೆಲ್ಲ ಒಂದು ಗೆರೆ. ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಆ ಮಟ್ಟದ ಮೇಲೆ ಕಾಡು ದಟ್ಟವಾಗಿದೆ, ಅದರ ಕೆಳಗೆ ಒಂದು ಗಿಡವೂ ಇಲ್ಲ, ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರ. ಇವನ ಚಿತ್ರಗಳಲ್ಲಿ ಆ ಗೆರೆ ಎಲ್ಲೂ ತಪ್ಪುವುದಿಲ್ಲ. ಬೊಡ್ಡೆಗಳೂ ಹಾಗೆಯೇ. ನೀರಿನಡಿ ಗಾಳಿ ಸಿಗದ ಮರ ಕೊಳೆಯುವುದು ಬಹಳ ನಿಧಾನ, ಹಾಗಾಗಿ ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬುಡ ಇವತ್ತಿಗೂ ಬೇಸಿಗೆಯಲ್ಲಿ ಬೂದು ಬಣ್ಣದಲ್ಲಿ ಎದ್ದು ನಿಲ್ಲುತ್ತವೆ. ಅವುಗಳ ತುದಿ ಬಿಸಿಲಿಗೆ ಬಿರಿದು ಬೆಳ್ಳಗಾಗಿರುತ್ತದೆ, ಬುಡ ಕಪ್ಪು. ಅದನ್ನು ಅವನು ಒಂದೇ ಬ್ರಷ್ ಎಳೆತದಲ್ಲಿ ತರುತ್ತಾನೆ. ಇಷ್ಟು ಸತ್ಯ ಕಣ್ಣೆದುರು ಇರುವುದರಿಂದಲೇ ಅದರ ಹಿಂದಿನ ಮಸುಕು ಮನೆಯನ್ನೂ ನಾವು ನಂಬುತ್ತೇವೆ.

ಅವನ ಬಳಿ ಇದ್ದ ಚಿತ್ರಗಳಲ್ಲೆಲ್ಲ ಅತ್ಯುತ್ತಮವಾದದ್ದು ನಾನು ಕೊಂಡದ್ದಲ್ಲ, ಮಡೆನೂರು ಅಣೆಕಟ್ಟಿನ ಚಿತ್ರ. ನಾನು ತಲುಪುವ ಮೊದಲೇ ಯಾರೋ ಮುಂಗಡ ಕೊಟ್ಟು ಹೋಗಿದ್ದರು. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನು ನಮ್ಮ ಕಡೆ ಮಡೆನೂರು ಡ್ಯಾಮ್ ಎನ್ನುತ್ತಾರೆ. 1948ರಲ್ಲಿ ಕೆಲಸಕ್ಕೆ ಬಂದ ಅದು ಎರಡು ದಶಕ ತುಂಬುವ ಮೊದಲೇ ತನಗಿಂತ ದೊಡ್ಡ ಅಣೆಕಟ್ಟಿನ ನೀರಿನಲ್ಲಿ ತಾನೇ ಮುಳುಗಿತು. ಮಳೆ ಕೈಕೊಟ್ಟ ವರ್ಷ, ಹಿನ್ನೀರು ತೀರಾ ಇಳಿದಾಗ, ಗೋಡೆಯೂ, ಹೆಚ್ಚಾದ ನೀರನ್ನು ಹೊರಹಾಕುತ್ತಿದ್ದ ಸೈಫನ್‌ಗಳೂ ಹೊರಗೆ ಬರುತ್ತವೆ. ಜನ ದೋಣಿ ಮಾಡಿಕೊಂಡು ನೋಡಲು ಹೋಗುತ್ತಾರೆ. ಆ ಚಿತ್ರದಲ್ಲಿ ಅವನು ಮೂರು ಕಾಲವನ್ನು ಒಂದೇ ಹಾಳೆಯಲ್ಲಿ ಕೂರಿಸಿದ್ದ. ಎಲ್ಲಕ್ಕಿಂತ ಅಡಿಯಲ್ಲಿ ಹೊಳೆ ಹೊಳೆಯಾಗಿಯೇ ಹರಿಯುತ್ತಿದ್ದ ಕಾಲ, ಅದರ ಮೇಲೆ ಮಡೆನೂರಿನ ಗೋಡೆ, ಅದರ ಮೇಲೆ ಲಿಂಗನಮಕ್ಕಿಯ ನೀರು. ಒಂದೂ ಮನುಷ್ಯಾಕೃತಿ ಇಲ್ಲ. ಆದರೂ ಜನ ಇದ್ದ ಜಾಗ ಎಂದು ಗೊತ್ತಾಗುತ್ತದೆ.

ಇನ್ನು ದೊಡ್ಡ ಕ್ಯಾನ್ವಾಸ್‌ಗಳ ವಿಷಯ. ಅಕ್ರಿಲಿಕ್‌ನಲ್ಲಿ ಮಾಡಿದ ಮೂರು ನಾಲ್ಕು ಇದ್ದವು, ಒಂದೊಂದಕ್ಕೆ 45,000 ರೂಪಾಯಿಯ ಆಸುಪಾಸು. ಅವನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಮೋಡದಲ್ಲಿ ಅಜ್ಜಿಯ ಮುಖ, ನೀರಿನ ಮೇಲೆ ತೇಲುವ ಗಡಿಯಾರ. ನೆನಪು ಮತ್ತು ಕಾಲ ಎಂಬುದನ್ನು ನೋಡುವವರಿಗೆ ಅರ್ಥವಾಗಲಿ ಎಂದು ಬಿಡಿಸಿ ಬಿಡಿಸಿ ಹೇಳುವ ಚಿತ್ರಗಳು. ಕಾಗದದಲ್ಲಿ ನೀರೇ ಮಾಡುವ ಕೆಲಸವನ್ನು ಅಲ್ಲಿ ಗಡಿಯಾರದಿಂದ ಮಾಡಿಸಲು ಹೊರಟಿದ್ದಾನೆ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರವಾಗುತ್ತದೆ, ತೊಳೆದರೆ ಏಳುವುದಿಲ್ಲ, ಹಾಗಾಗಿ ಅವನ ನಿಜವಾದ ಕೈಚಳಕಕ್ಕೆ ಅಲ್ಲಿ ಜಾಗವೇ ಇಲ್ಲ. ಇದನ್ನು ಅವನಿಗೂ ಹೇಳಿದೆ. "ದೊಡ್ಡ ಸೈಜು ಇಲ್ದೆ ಇದ್ರೆ ಗ್ಯಾಲರಿಯವ್ರು ಮಾತೇ ಆಡಲ್ಲ ಅಕ್ಕಾ" ಎಂದ. ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ದೊಡ್ಡದಾಗಿಯೇ ಬೇಕೆಂದರೆ ಪೂರ್ಣ ಹಾಳೆಯ ಜಲವರ್ಣ ಮಾಡಲಿ, 22 ಇಂಚಿಗೆ 30 ಇಂಚು, ಅದು ಸಣ್ಣ ಅಳತೆಯೇನಲ್ಲ.

ಕನಸಿನ ಗುಣವನ್ನೂ ಜಾಗದ ಖಚಿತತೆಯನ್ನೂ ಒಟ್ಟಿಗೆ ತರುವ ಚಿತ್ರಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಮೇಲ್ಪಂಕ್ತಿಯೇ ಇದೆ. ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು. ಪುರಾಣದ ವಸ್ತುಗಳನ್ನು ಬರೆದಂತೆಯೇ 1920ರ ದಶಕದಲ್ಲಿ ಊಟಿಯ ಬೆಟ್ಟಗಳನ್ನೂ ಬರೆದರು. ಆ ಜಲವರ್ಣಗಳಲ್ಲಿ ಮಂಜು ಇದೆ, ಬೆಳಗಿನ ಬೆಳಕಿದೆ, ಕನಸಿನ ಗುಣವೂ ಇದೆ, ಆದರೆ ಯಾವ ಗುಡ್ಡ, ಯಾವ ಹೊತ್ತು ಎಂಬುದರಲ್ಲಿ ಒಂದಿಷ್ಟೂ ಸಡಿಲವಿಲ್ಲ. ಸಂತೆ ನಡೆಯುವ ರಸ್ತೆಯಲ್ಲೇ ಇರುವ ಚಿತ್ರಕಲಾ ಪರಿಷತ್ತಿನೊಳಗೆ ರಷ್ಯಾದ ಕಲಾವಿದ ನಿಕೊಲಸ್ ರೋರಿಕ್ ಅವರ ಹಿಮಾಲಯದ ಚಿತ್ರಗಳೂ ಇವೆ. ಬಣ್ಣವೆಲ್ಲ ಬೇರೆ ಲೋಕದ್ದು ಅನ್ನಿಸಿದರೂ ಶಿಖರಗಳ ಹಿಂದೆ ವರ್ಷಗಟ್ಟಲೆ ಬೆಟ್ಟ ಸುತ್ತಿದ ಕಣ್ಣಿದೆ. ಹುಡುಗ ಇವರಿಬ್ಬರನ್ನೂ ಗಮನವಿಟ್ಟು ನೋಡಿದ್ದಾನೆ, ಮಾತಿನಲ್ಲಿ ಅದು ಗೊತ್ತಾಯಿತು.

ಇನ್ನೊಂದು ದೂರು ಶೀರ್ಷಿಕೆಗಳ ಬಗ್ಗೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ "ಸ್ಮೃತಿ 4", "ಸ್ಮೃತಿ 7" ಎಂದು ಬರೆದಿದ್ದಾನೆ. ಮುಳುಗಿದ ಊರುಗಳಿಗೆ ಒಂದೊಂದಕ್ಕೂ ಹೆಸರಿತ್ತು. ಇವತ್ತಿಗೂ ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಂಚಿನಲ್ಲಿ ನೆಲೆ ಹೂಡಿ, ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿರುವ ಮುಳುಗಡೆ ಕುಟುಂಬಗಳ ಬಾಯಲ್ಲಿ ಆ ಹೆಸರುಗಳು ಇವೆ. ಚಿತ್ರದ ಹಿಂದೆಯೂ ಅವು ಇರಬೇಕು.

ನಮ್ಮದೂ ಮುಳುಗಡೆ ಕುಟುಂಬವೇ. ಊರು ಮುಳುಗಿದಾಗ ನನ್ನ ಅಮ್ಮ ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸಿನವಳು. ಮನೆಗೆ ತಂದ ಚಿತ್ರವನ್ನು ಅವಳ ಕೈಗೆ ಕೊಟ್ಟು ನಾನು ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದಳು. ಬಾವಿಕಟ್ಟೆಯನ್ನು ತೋರಿಸಿದ್ದು ಅವಳೇ. "ಬಾವಿ ಇಲ್ಲಿದ್ರೆ ಬಚ್ಚಲು ಈಚೆಗೆ ಬರ್ಬೇಕಲ್ಲೇ, ನೀರು ಹೊತ್ತು ಹಾಕೋದು ಹೆಂಗೆ?" ಎಂದು ಕೇಳಿದಳು. ಆಮೇಲೆ ಬಚ್ಚಲ ಹಂಡೆ, ಒಲೆಗೆ ತುರುಕುತ್ತಿದ್ದ ಅಡಿಕೆ ಹಾಳೆ, ಊರು ಬಿಟ್ಟು ಹೊರಡುವ ಮುನ್ನ ಅವಳ ಅಪ್ಪಯ್ಯ ಮನೆಯ ಹಂಚು ಇಳಿಸಿ, ಬಾಗಿಲು ಚೌಕಟ್ಟು ಕಿತ್ತು ಲಾರಿಗೆ ಏರಿಸಿದ್ದು, ಒಂದೊಂದಾಗಿ ಬಂದವು. ಹಂಚಿಲ್ಲದ ಮನೆಯನ್ನು ಲಾರಿಯ ಮೇಲಿಂದ ತಿರುಗಿ ನೋಡಿದ್ದನ್ನು ಅವಳು ನನಗೆ ಹಿಂದೆ ಎಂದೂ ಹೇಳಿರಲಿಲ್ಲ. ಬಚ್ಚಲಿನ ವಿಷಯವನ್ನು ಹುಡುಗನಿಗೆ ಫೋನಿನಲ್ಲಿ ತಿಳಿಸಿದೆ. ಅವನು ಅಮ್ಮನ ಹತ್ತಿರವೇ ಮಾತಾಡಬೇಕೆಂದ. ಅಮ್ಮ "ತಮ್ಮಾ" ಎನ್ನುತ್ತ ಅರ್ಧ ಗಂಟೆ ಮನೆಯ ನಕ್ಷೆ ಹೇಳಿದಳು, ಅವನು ಬರೆದುಕೊಂಡ. ಕೊಂಡವರ ಜತೆ ಹೀಗೆ ನಡೆದುಕೊಳ್ಳುವ ಕಲಾವಿದರು ಅಪರೂಪ.

ವ್ಯವಹಾರದಲ್ಲೂ ಅವನು ಅಚ್ಚುಕಟ್ಟು. ಬೆಲೆ ಬರೆದು ಅಂಟಿಸಿದ್ದ, ಮುಖ ನೋಡಿ ಹೇಳುವ ರೇಟಲ್ಲ. ಯುಪಿಐ ತೆಗೆದುಕೊಳ್ಳುತ್ತಾನೆ. ಚಿತ್ರವನ್ನು ಬಟರ್ ಪೇಪರಿನಲ್ಲಿ ಸುತ್ತಿ, ಎರಡು ರಟ್ಟಿನ ನಡುವೆ ಇಟ್ಟು ಕೊಟ್ಟ. ಯಾವ ಯಾವ ಬಣ್ಣ ಬಳಸಿದ್ದು ಎಂದು ಹಿಂಬದಿಯಲ್ಲಿ ಪಟ್ಟಿ ಇದೆ. ಬಿಸಿಲಿಗೆ ಬೇಗ ಮಾಸುವ ಅಲಿಝರಿನ್ ಕ್ರಿಮ್‌ಸನ್ ಬಳಸಿಲ್ಲ ಎಂದು ಅವನಾಗಿಯೇ ಹೇಳಿದ. ಸಹಿ ಮಾಡಿದ ಪ್ರಮಾಣಪತ್ರ ಮಾತ್ರ ಕೈಗೆ ಬರಲು ಸ್ವಲ್ಪ ತಡವಾಯಿತು.

ಕಟ್ಟು ಹಾಕಿಸುವವರು ಒಂದು ವಿಷಯದಲ್ಲಿ ಹುಷಾರಾಗಿರಿ. ನಾನು ಮೊದಲು ಹೋದ ಅಂಗಡಿಯಲ್ಲಿ ಚಿತ್ರವನ್ನು ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಮೆತ್ತಲು ಹೊರಟಿದ್ದರು, ವಾಪಸು ತಂದೆ. ಜಲವರ್ಣವನ್ನು ಹಾಗೆ ಅಂಟಿಸಬಾರದು. ಮೇಲಂಚಿನಲ್ಲಿ ಮಾತ್ರ ಹಿಂಜ್ (ಚಿತ್ರವನ್ನು ಹಿಡಿದಿಡುವ ಸಣ್ಣ ಕಾಗದದ ಪಟ್ಟಿ) ಹಾಕಿ, ಆಮ್ಲರಹಿತ ಮೌಂಟ್ ಬೋರ್ಡ್ ಕೊಟ್ಟು, ಗಾಜಿಗೂ ಕಾಗದಕ್ಕೂ ನಡುವೆ ಜಾಗ ಬಿಡಿಸಬೇಕು. ಗಾಜಿಗೆ ತಾಗಿದರೆ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಮನೆಯಾದರೆ ಹೊರಗೋಡೆಗೆ ನೇತುಹಾಕಲೇಬೇಡಿ, ಒಳಗೋಡೆಯೇ ವಾಸಿ. ಈ ಚಿತ್ರಕ್ಕೆ ಇನ್ನೊಂದು ಮಾತು: ಬೆಳಕು ಪಕ್ಕದಿಂದ ಬೀಳುವ ಕಡೆ ಹಾಕಿ, ನೇರ ಬಿಸಿಲು ಬೇಡ. ಎದುರಿನಿಂದ ಟ್ಯೂಬ್‌ಲೈಟ್ ಬಿದ್ದರೆ ಅಡಿಯ ಊರು ಕಾಣುವುದೇ ಇಲ್ಲ.

ಈಗ ಅವನು ಸಿಗಂದೂರಿನ ದಾರಿಗೆ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಸರಣಿ ಶುರುಮಾಡಿದ್ದಾನೆ. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ, ಲಾಂಚಿಗಾಗಿ ದಂಡೆಯಲ್ಲಿ ಕಾಯುವ ಹೊತ್ತು ಎಂಬುದೇ ಆ ದಾರಿಯಲ್ಲಿ ಇಲ್ಲವಾಯಿತು. ಆಚೆ ದಡದ ತುಮರಿ ಕಡೆಯವರಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಎಂದು ಅಲ್ಲಿ ಹೆರಿಗೆ ನೋವು ತಿಂದ ಹೆಂಗಸರನ್ನು ಕೇಳಬೇಕು. ಲಾಂಚಿನ ದಿನಗಳನ್ನು ಸುಮ್ಮನೆ ಹಂಬಲಿಸುವ ಚಿತ್ರಗಳಾಗದಿರಲಿ ಎಂದು ಅವನಿಗೆ ಹೇಳಿದ್ದೇನೆ. ಕರಡು ಹಾಳೆಗಳನ್ನು ಫೋನಿನಲ್ಲಿ ಕಳಿಸಿದ್ದ. ಮಂಜಿನಲ್ಲಿ ಅರ್ಧಕ್ಕೆ ನಿಂತ ಕಂಬಗಳು, ಅವುಗಳ ಅಡಿಯಲ್ಲಿ ತೊಳೆದು ಉಳಿದ ಗದ್ದೆ. ಅದರಲ್ಲಿ ಒಂದಕ್ಕೆ ಹೇಳಿಟ್ಟಿದ್ದೇನೆ, ಪೂರ್ಣ ಹಾಳೆಯದ್ದು, 18,000 ರೂಪಾಯಿಗೆ ಮಾತಾಗಿದೆ.

ಮುಂದಿನ ಸಂತೆಗೆ ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕಾಗದದ ಸಣ್ಣ ಚಿತ್ರಗಳು ಅಷ್ಟರಲ್ಲಿ ಹೋಗಿಬಿಟ್ಟಿರುತ್ತವೆ. ಬೂದು ಬೊಡ್ಡೆ, ಕೆಂಪು ದಂಡೆಯ ಜಲವರ್ಣಗಳು ಹಗ್ಗದಲ್ಲಿ ತೂಗುತ್ತಿರುವುದು ಕಂಡರೆ ನಿಂತು, ಒಂದನ್ನು ಕೈಗೆ ಕೇಳಿ ತೆಗೆದುಕೊಂಡು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೊಡಲು ಅವನು ಬೇಸರಪಡುವುದಿಲ್ಲ.