ಕ್ವಯಟ್ ಪ್ಲೀಸ್: ನಿಕ್ ಲೋ ಅವರ 49 ಹಾಡುಗಳ ಸಂಕಲನ

ಇಂಗ್ಲೆಂಡಿನ ಗಾಯಕ ನಿಕ್ ಲೋ ಅವರ ಸಂಗೀತವನ್ನು ಎಲ್ಲಿಂದ ಕೇಳತೊಡಗಬೇಕೆಂದು ಯಾರಾದರೂ ವಿಚಾರಿಸಿದರೆ, 2009ರಲ್ಲಿ ಎರಡು ಸಿ.ಡಿ.ಗಳಾಗಿ ಹೊರಬಂದ ‘ಕ್ವಯಟ್ ಪ್ಲೀಸ್’ ಸಂಕಲನವನ್ನೇ ನಾನು ಸೂಚಿಸುತ್ತೇನೆ. ಅಮೆರಿಕದ ಗ್ರಾಮೀಣ ಧಾಟಿ ಬೆರೆತ ಕಂಟ್ರಿ ರಾಕ್, ಇಂಪಾದ ರಾಗಕ್ಕೆ ಗಿಟಾರಿನ ಬಿರುಸು ಸೇರಿದ ಪವರ್ ಪಾಪ್, ಇಳಿವಯಸ್ಸಿನ ಮೆಲುದನಿಯ ಹಾಡುಗಳು ಇಲ್ಲಿ ಒಟ್ಟಿಗೆ ಇರುವುದರಿಂದ, ಇವೆಲ್ಲ ಒಬ್ಬರದೇ ಕೈಬರಹವೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಲೋ ಅವರು ಬಾಸ್ ಗಿಟಾರ್ ನುಡಿಸುತ್ತಿದ್ದ ಬ್ರಿನ್ಸ್ಲಿ ಶ್ವಾರ್ಜ್ ತಂಡದ ವ್ಯವಸ್ಥಾಪಕರು 1970ರಲ್ಲಿ ಬ್ರಿಟನ್ನಿನ ಪತ್ರಕರ್ತರನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಕರೆದೊಯ್ದು, ಫಿಲ್ಮೋರ್ ಈಸ್ಟ್ ರಂಗಮಂದಿರದಲ್ಲಿ ತಂಡದ ಸಂಗೀತ ಕಛೇರಿಯನ್ನು ತೋರಿಸಿದರು. ಆ ಅಬ್ಬರದ ಪ್ರಚಾರ ತಂಡಕ್ಕೇ ತಿರುಗುಬಾಣವಾಯಿತು. ಅನಂತರ ಲಂಡನ್ನಿನ ಪಬ್‌ಗಳಲ್ಲಿ ಆಡಂಬರವಿಲ್ಲದೆ ನುಡಿಸುತ್ತಾ ಬೆಳೆದ ತಂಡಕ್ಕಾಗಿ ಲೋ ಅವರು ಬರೆದ, ಶಾಂತಿ ಮತ್ತು ಪ್ರೀತಿಯನ್ನು ಕುರಿತ 1974ರ ಹಾಡನ್ನು ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲೋ ಪ್ರಸಿದ್ಧಗೊಳಿಸಿದರು. 1992ರ ‘ದಿ ಬಾಡಿಗಾರ್ಡ್’ ಚಿತ್ರದ ಧ್ವನಿಮುದ್ರಿಕೆಯಲ್ಲಿ ಅಮೆರಿಕದ ಗಾಯಕ ಕರ್ಟಿಸ್ ಸ್ಟೈಗರ್ಸ್ ಅದನ್ನೇ ಹಾಡಿದಾಗ ಹಾಡು ಬರೆದವರ ಪಾಲಿಗೆ ಬಂದ ರಾಯಧನ, ಲೋ ಅವರಿಗೆ ಮನಸ್ಸಿಗೆ ಬಂದಂತೆ ಹಾಡುವ ಸ್ವಾತಂತ್ರ್ಯವನ್ನು ತಂದುಕೊಟ್ಟಿತು.

1979ರ ‘ಕ್ರುಯೆಲ್ ಟು ಬಿ ಕೈಂಡ್’ ಬ್ರಿಟನ್, ಅಮೆರಿಕ ಎರಡೂ ಕಡೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೆಯ ಸ್ಥಾನ ತಲುಪಿತು. ಅಕೌಸ್ಟಿಕ್ ಗಿಟಾರಿನ ಚುರುಕಾದ ಮೀಟು, ಪಲ್ಲವಿಯಲ್ಲಿ ಬೆನ್ನಿಗೆ ಬರುವ ಸಹಗಾಯನ, ಎಲ್ಲವೂ ಹಬ್ಬದಂತಿವೆ. ಸಾಹಿತ್ಯಕ್ಕೆ ಕಿವಿಗೊಟ್ಟರೆ ಮಾತ್ರ ಪ್ರೇಯಸಿಯಿಂದ ನೊಂದವನ ಅಳಲು ಕೇಳಿಸುತ್ತದೆ. ಮೂರೂವರೆ ನಿಮಿಷಗಳಲ್ಲಿ ಒಂದು ಸಾಲೂ ಹೆಚ್ಚೆನಿಸುವುದಿಲ್ಲ. ಎಂಬತ್ತರ ದಶಕದ ಕೆಲವು ಹಾಡುಗಳಲ್ಲಿ ಈ ಬಿಗಿ ಸಡಿಲವಾಗಿದೆ. ಸಂಕಲನದ ಈ ನಡುಭಾಗವನ್ನು ಇನ್ನಷ್ಟು ಕಿರಿದುಗೊಳಿಸಬಹುದಿತ್ತು.

ನನ್ನ ಮಟ್ಟಿಗೆ ಸಂಕಲನದ ಜೀವಾಳ ‘ದಿ ಬೀಸ್ಟ್ ಇನ್ ಮಿ’. ಆಗ ಲೋ ಅವರ ಪತ್ನಿಯಾಗಿದ್ದ ಕಾರ್ಲೀನ್ ಕಾರ್ಟರ್ ಅವರ ಮಲತಂದೆ, ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರಿಗೆಂದು ಆರಂಭಿಸಿದ ಈ ಹಾಡು ಮುಗಿಯಲು ಹತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಕ್ಯಾಶ್ 1994ರಲ್ಲಿ ಗಿಟಾರೊಂದನ್ನೇ ನೆಚ್ಚಿಕೊಂಡು ಹಾಡಿದಾಗ ಅದರಲ್ಲಿ ಪಶ್ಚಾತ್ತಾಪದ ಭಾರವಿತ್ತು. ಲೋ ಅವರ ಕಂಠದಲ್ಲಿ ಅದೇ ಮಾತು, ಒಳಗಿನ ಮೃಗವನ್ನು ಎಬ್ಬಿಸಬಾರದೆಂಬಂತೆ, ಬಹಳ ಮೆಲ್ಲಗೆ ಹೊರಡುತ್ತದೆ. ಪವರ್ ಪಾಪ್‌ನ ದಿನಗಳಲ್ಲಿ ನಲಿವಿನ ಧಾಟಿಯ ಹಿಂದೆ ಅಡಗಿಸಿಟ್ಟಿದ್ದ ನೋವನ್ನು ಅವರು ಇಲ್ಲಿ ಮರೆಯಿಲ್ಲದೆ ಮುಂದಿಟ್ಟಿದ್ದಾರೆ. ಹೊಸಬರು ಮೊದಲು ಈ ಹಾಡನ್ನು ಕೇಳಿ, ಅನಂತರ ‘ಕ್ರುಯೆಲ್ ಟು ಬಿ ಕೈಂಡ್’ಗೆ ಹಿಂದಿರುಗಲಿ, ಆ ಸಹಗಾಯನದ ನಡುವೆ ಒಂಟಿಯಾದ ದನಿಯೊಂದು ಆಗ ತಾನಾಗಿಯೇ ಕಿವಿಗೆ ಬೀಳುತ್ತದೆ.