ಬೇಡವಾದ ಟೈಮ್‌ಶೇರ್ ಕಳಚಿಕೊಳ್ಳುವ ಐದು ದಾರಿಗಳು: ನಾವು ನಡೆದು ನೋಡಿದ ಹೋಲಿಕೆ

ಟೈಮ್‌ಶೇರ್ ಎಂದರೆ ಒಂದು ಕಂಪನಿಯ ರೆಸಾರ್ಟುಗಳಲ್ಲಿ ವರ್ಷಕ್ಕೆ ಇಷ್ಟು ರಾತ್ರಿ ಉಳಿಯುವ ಹಕ್ಕನ್ನು ಹಲವು ವರ್ಷಗಳಿಗೆ ಮೊದಲೇ ಕೊಳ್ಳುವ ರಜಾ ಸದಸ್ಯತ್ವ. ಅದರಿಂದ ಹೊರಬರಲು ನಾವು ಎರಡು ವರ್ಷಗಳಲ್ಲಿ ಐದು ದಾರಿಗಳನ್ನು ನೋಡಿದೆವು. ಅವುಗಳಲ್ಲಿ ನಾನು ಇನ್ನೊಬ್ಬರಿಗೆ ಧೈರ್ಯವಾಗಿ ಹೇಳಬಹುದಾದದ್ದು ಒಂದೇ: ಕಂಪನಿಗೇ ಲಿಖಿತವಾಗಿ ಬರೆದು ಸದಸ್ಯತ್ವವನ್ನು ಒಪ್ಪಿಸಿಬಿಡುವುದು. ಅದರಿಂದ ನಮಗೆ ಒಂದು ರೂಪಾಯಿಯೂ ಮರಳಿ ಬರಲಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾರಿ ದುಡ್ಡು ಮಾಡಬಹುದೆಂಬ ಆಸೆಯೇ ನಮ್ಮನ್ನು ಮೊದಲ ವರ್ಷವಿಡೀ ತಪ್ಪು ದಾರಿಯಲ್ಲಿ ಓಡಿಸಿತು.

2012ರ ಡಿಸೆಂಬರಿನಲ್ಲಿ ಶಿವಮೊಗ್ಗದ ಒಂದು ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ತುಂಬಿದ ಲಕ್ಕಿ ಡ್ರಾ ಚೀಟಿಯಿಂದ ಇದು ಶುರುವಾಯಿತು. ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು ಎಂದು ಹೋಟೆಲಿಗೆ ಕರೆಸಿ, ಮೂರು ಗಂಟೆ ಕೂರಿಸಿ, ₹2,85,000ಕ್ಕೆ 25 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ವರ್ಷಕ್ಕೆ ಏಳು ರಾತ್ರಿ, ಋತು ಬಿಳಿ. ಕೆಂಪು ಋತು ಎಂದರೆ ಬೇಡಿಕೆಯ ಕಾಲ, ಬಿಳಿ ನಡುವಿನದು, ನೀಲಿ ಯಾರಿಗೂ ಬೇಡದ್ದು ಎಂಬ ವಿಂಗಡಣೆಯ ಅರ್ಥ ನಮಗೆ ಆಗ ಆಗಲಿಲ್ಲ. ನಾವಿಬ್ಬರೂ ಪ್ರೌಢಶಾಲೆಯ ಶಿಕ್ಷಕರು. ನಮಗೆ ಬಿಡುವು ಸಿಗುವುದು ದಸರೆಗೆ ಮತ್ತು ಬೇಸಿಗೆಗೆ, ಅವೆರಡೂ ಅವರ ಪಟ್ಟಿಯಲ್ಲಿ ಕೆಂಪು. ನಮ್ಮ ಪಾಲಿಗೆ ಉಳಿದದ್ದು ಜುಲೈ ತಿಂಗಳ ಮಡಿಕೇರಿ. ಶಿವಮೊಗ್ಗದವರಿಗೆ ಮಳೆ ತೋರಿಸಲು ಅವರು ದುಡ್ಡು ತೆಗೆದುಕೊಂಡಂತಾಯಿತು. ಹನ್ನೆರಡು ವರ್ಷಗಳಲ್ಲಿ ನಾವು ಮೂರು ಸಲ ಹೋಗಿ ಉಳಿದುಕೊಂಡಿದ್ದೇವೆ.

ಹೋಗಲಿ ಬಿಡಲಿ, ಎಎಸ್‌ಎಫ್ ಎನ್ನುವ ವಾರ್ಷಿಕ ಶುಲ್ಕ ಕಟ್ಟಲೇಬೇಕು. ಮೊದಲ ವರ್ಷ ಅದು ₹9,000 ಇತ್ತು, ಅದರ ಮೇಲೆ ಆಗಿನ ಶೇ 12.36 ಸೇವಾ ತೆರಿಗೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ಶೇ 18 ಆಯಿತು. 2024ರ ಬಿಲ್ಲಿನಲ್ಲಿ ಶುಲ್ಕ ₹21,000, ತೆರಿಗೆ ₹3,780, ಒಟ್ಟು ₹24,780. ಶುಲ್ಕ ಇನ್ನು ಮುಂದೆ ಒಂದು ಪೈಸೆಯೂ ಏರುವುದಿಲ್ಲ ಎಂದಿಟ್ಟುಕೊಂಡರೂ ಉಳಿದ 13 ವರ್ಷಗಳಿಗೆ ₹3,22,140 ಆಗುತ್ತಿತ್ತು. ನಾವು ಸದಸ್ಯತ್ವಕ್ಕೆ ಕೊಟ್ಟ ಬೆಲೆಗಿಂತ ಬಿಟ್ಟುಕೊಡದೆ ಇಟ್ಟುಕೊಳ್ಳುವ ಬೆಲೆಯೇ ಹೆಚ್ಚು ಎಂಬುದು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಈ ಲೆಕ್ಕ ಹಾಕಿದ ರಾತ್ರಿ ನಮಗೆ ತಿಳಿಯಿತು.

ಮೊದಲು ಹಿಡಿದದ್ದು ಮರುಮಾರಾಟ ಮಾಡಿಸಿಕೊಡುವ ಏಜೆನ್ಸಿಯ ದಾರಿ, ಐದರಲ್ಲಿ ಅತಿ ಕೆಟ್ಟದ್ದೂ ಅದೇ. ಫೋನು ಅವರಿಂದಲೇ ಬಂತು. ನಮ್ಮ ಸದಸ್ಯತ್ವ ಸಂಖ್ಯೆ, ಋತು, ಬಾಕಿ ವರ್ಷ ಎಲ್ಲವೂ ಅವರಿಗೆ ಗೊತ್ತಿತ್ತು. ಹೇಗೆ ಗೊತ್ತಾಯಿತೆಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ. ಪುಣೆಯಲ್ಲಿ ಒಬ್ಬರು ₹1,90,000ಕ್ಕೆ ಕೊಳ್ಳಲು ಸಿದ್ಧರಿದ್ದಾರೆ, ನೋಂದಣಿಗೆ ₹11,800 ಕಳುಹಿಸಿದರೆ ಸಾಕು ಎಂದರು. ಕಳುಹಿಸಿದೆವು. ಹತ್ತು ದಿನ ಬಿಟ್ಟು, ಮಾರಾಟದ ಮೊತ್ತದ ಮೇಲಿನ ಜಿಎಸ್‌ಟಿ ₹34,200ನ್ನು ಮಾರುವವರೇ ಮುಂಗಡವಾಗಿ ಕಟ್ಟಬೇಕು, ಆಮೇಲೆ ಮರಳಿ ಬರುತ್ತದೆ ಎಂದರು. ಆಗ ನಮ್ಮ ಯಜಮಾನರು ರಸೀದಿಯನ್ನು ಕನ್ನಡಕ ಹಾಕಿಕೊಂಡು ಓದಿದರು. ವಿಳಾಸ ಬೆಂಗಳೂರಿನದು, ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿ 07. ಕರ್ನಾಟಕದ ಸಂಖ್ಯೆಯಾದರೆ 29ರಿಂದ ಆರಂಭವಾಗಬೇಕು, 07 ದೆಹಲಿಯದು. ಸರ್ಕಾರದ ಜಿಎಸ್‌ಟಿ ಜಾಲತಾಣದಲ್ಲಿ ಯಾರ ಸಂಖ್ಯೆಯನ್ನು ಬೇಕಾದರೂ ಹುಡುಕಬಹುದು, ಹುಡುಕಿದಾಗ ಅದು ಬೇರೆ ಯಾವುದೋ ಬಟ್ಟೆ ವ್ಯಾಪಾರಿಯ ಹೆಸರಿನಲ್ಲಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು, ಆದರೆ ಹಣ ಹೋಗಿ ಹತ್ತು ದಿನ ಕಳೆದಿದ್ದರಿಂದ ಖಾತೆಯಲ್ಲಿ ತಡೆಹಿಡಿಯಲು ಏನೂ ಉಳಿದಿರಲಿಲ್ಲ.

ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆಂದೇ 2009ರಲ್ಲಿ ಒಂದು ನಿರ್ದೇಶನ ಹೊರಡಿಸಿದ್ದಾರೆ. ಅದರ ಪ್ರಕಾರ ಟೈಮ್‌ಶೇರ್ ಕೊಂಡವರಿಗೆ ಕಾರಣ ಹೇಳದೆ ಹಿಂದೆ ಸರಿಯಲು 14 ದಿನಗಳಿವೆ, ಮಾತ್ರವಲ್ಲ, ಮರುಮಾರಾಟ ಮಾಡಿಸುವವರು ಮಾರಾಟ ಮುಗಿಯುವ ಮೊದಲು ಬಿಡಿಗಾಸನ್ನೂ ಕೇಳುವಂತಿಲ್ಲ. ನಮ್ಮಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾನೂನಿಲ್ಲದಿರುವುದರಿಂದ ಆ ನಿಯಮವನ್ನು ನಾವೇ ನಮಗೆ ಹಾಕಿಕೊಳ್ಳಬೇಕು: ಮುಂಗಡ ಕೇಳಿದ ಕೂಡಲೇ ಫೋನು ಇಟ್ಟುಬಿಡಬೇಕು.

ಎರಡನೆಯದು ನಾವೇ ಜಾಹೀರಾತು ಹಾಕಿ ಮಾರುವುದು. ಇದರಲ್ಲಿ ಮೋಸವಿಲ್ಲ, ಫಲವೂ ಇಲ್ಲ. ₹1,20,000 ಎಂದು ಹಾಕಿದ್ದನ್ನು ಇಳಿಸುತ್ತ ಇಳಿಸುತ್ತ ₹25,000ಕ್ಕೆ ತಂದಾಗ ಭದ್ರಾವತಿಯ ಒಬ್ಬರು ಮನೆಗೇ ಬಂದರು, ಕಾಫಿ ಕುಡಿದು ಕಾಗದಪತ್ರಗಳನ್ನೆಲ್ಲ ನೋಡಿದರು. ಹೆಸರು ವರ್ಗಾಯಿಸಲು ಕಂಪನಿ ಕೇಳುವ ಶುಲ್ಕ ತೆರಿಗೆ ಸೇರಿ ₹35,400 ಎಂದು ತಿಳಿದ ಮೇಲೆ, ಸಾಮಾನಿಗಿಂತ ಸಾಗಣೆಯೇ ದುಬಾರಿಯಾಯಿತಲ್ಲ ಎಂದು ನಕ್ಕು ಎದ್ದುಹೋದರು. ಅವರು ಹೇಳಿದ್ದು ಸರಿಯೇ ಇತ್ತು. ಅಮೆರಿಕದ ಕೆಲವು ಟೈಮ್‌ಶೇರುಗಳಂತೆ ಇಲ್ಲಿ ಕ್ರಯಪತ್ರವಾಗಿ ಯಾವ ಆಸ್ತಿಯೂ ನಮ್ಮ ಹೆಸರಿಗೆ ಬಂದಿರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಉಳಿದುಕೊಳ್ಳುವ ಹಕ್ಕು ಮಾತ್ರ.

ರಾತ್ರಿಗಳನ್ನು ನೆಂಟರಿಗೆ ಕೊಟ್ಟು ಶುಲ್ಕದ ಹಣವನ್ನಾದರೂ ಅವರಿಂದ ಪಡೆಯುವುದು ಮೂರನೆಯ ದಾರಿಯಾಗಿತ್ತು. ಒಮ್ಮೆ ನನ್ನ ತಂಗಿಯ ಮನೆಯವರಿಗೆ ಕೊಟ್ಟೆವು. ತಂಗಿಯ ಹತ್ತಿರ ದುಡ್ಡು ಕೇಳಲು ನಾಲಿಗೆ ಹೊರಳಲಿಲ್ಲ. ಅಪರಿಚಿತರಿಗೆ ಬಾಡಿಗೆಗೆ ಕೊಡುವುದನ್ನು ಒಪ್ಪಂದವೇ ನಿಷೇಧಿಸಿತ್ತು.

ಶುಲ್ಕ ಕಟ್ಟುವುದನ್ನು ಸುಮ್ಮನೆ ನಿಲ್ಲಿಸಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು, ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಹಾಗೆಯೇ ಮಾಡಿದ್ದಾರೆ. ಬಾಕಿಗೆ ಬಡ್ಡಿ ಬೆಳೆಯುತ್ತದೆ, ತಿಂಗಳಿಗೆರಡು ಸಲ ಫೋನು ಬರುತ್ತದೆ. ಅವರಿಗೆ ಅದು ಸಾಧ್ಯ. ಸಾಲವೆಂಬ ಮಾತು ಕಿವಿಗೆ ಬಿದ್ದರೆ ನಿದ್ದೆ ಬಾರದ ನನಗೆ ಅದು ಆಗುವ ಕೆಲಸವಲ್ಲ.

ಇನ್ನು ನಾಲ್ಕನೆಯದು, ನಾನು ಮೆಚ್ಚಿದ ದಾರಿ. 2024ರ ಮಾರ್ಚಿನಲ್ಲಿ, ಆ ವರ್ಷದ ಶುಲ್ಕ ಕಟ್ಟುವ ಮೊದಲೇ, ಒಂದು ಪುಟದ ಪತ್ರ ಬರೆದೆವು: ಸದಸ್ಯತ್ವವನ್ನು ನಾವು ಸ್ವಇಚ್ಛೆಯಿಂದ ಒಪ್ಪಿಸುತ್ತಿದ್ದೇವೆ, ಕಟ್ಟಿದ ಹಣವನ್ನು ಮರಳಿ ಕೇಳುವುದಿಲ್ಲ, ಇಂದಿನಿಂದ ಯಾವ ಶುಲ್ಕಕ್ಕೂ ನಮ್ಮನ್ನು ಹೊಣೆ ಮಾಡಬಾರದು, ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ಇಮೇಲ್ ಜೊತೆಗೆ ಸ್ವೀಕೃತಿ ಪತ್ರವಿರುವ ರಿಜಿಸ್ಟರ್ಡ್ ಅಂಚೆಯಲ್ಲೂ ಕಳುಹಿಸಿದೆವು. ಅಂಚೆ ಇಲಾಖೆ 2025ರಲ್ಲಿ ಆ ಸೇವೆಯನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿರುವುದರಿಂದ ಈಗ ಹೋಗುವವರು ಸ್ಪೀಡ್ ಪೋಸ್ಟನ್ನೇ ಕೇಳಬೇಕು. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು, ಕನ್ನಡದಲ್ಲಿಯೇ ಮಾತನಾಡಿದರು. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ. ನಮ್ಮ ಮಟ್ಟಿಗೆ ಅಷ್ಟೇ ಸಾಕಾಯಿತು: ಒಂಬತ್ತನೆಯ ದಿನ ಕಂಪನಿಯವರೇ ಫೋನು ಮಾಡಿ ಅರ್ಜಿ ನಮೂನೆ ಕಳುಹಿಸಿದರು.

ಮುಗಿಯಿತು ಎಂದುಕೊಂಡೆವು. ಅಲ್ಲಿಂದ ಮುಂದೆ ನಾಲ್ಕು ತಿಂಗಳು ಹಿಡಿದದ್ದು ನನ್ನ ಹೆಸರಿನಿಂದ.

ನನ್ನ ಆಧಾರಿನಲ್ಲಿ, ಬ್ಯಾಂಕಿನಲ್ಲಿ, ಸೇವಾ ಪುಸ್ತಕದಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್ ಇವೆ. ಒಂದು ನನ್ನ ತವರೂರಿನದು, ಇನ್ನೊಂದು ನನ್ನ ತಂದೆಯವರದು. ನಮ್ಮ ಕಡೆ ಸರ್‌ನೇಮ್ ಎಂಬುದು ಬಹಳ ಮನೆಗಳಲ್ಲಿ ಇಲ್ಲ. 2012ರಲ್ಲಿ ಒಪ್ಪಂದ ತುಂಬಿದ ಹುಡುಗ, ಕೊನೆಯ ಹೆಸರಿನ ಚೌಕ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಎಂದು ಅಲ್ಲಿ ನಮ್ಮ ಯಜಮಾನರ ಹೆಸರನ್ನು ಬರೆದುಬಿಟ್ಟಿದ್ದ, ನಾನೂ ಅದರ ಕೆಳಗೆ ಸಹಿ ಹಾಕಿದ್ದೆ. ಹನ್ನೆರಡು ವರ್ಷ ಶುಲ್ಕ ವಸೂಲು ಮಾಡುವಾಗ ಆ ಹೆಸರು ಯಾರಿಗೂ ಅಡ್ಡಿಯಾಗಲಿಲ್ಲ. ಬಿಟ್ಟುಕೊಡಲು ಹೋದಾಗ, ಜಂಟಿ ಸದಸ್ಯೆಯ ಹೆಸರು ಗುರುತಿನ ಚೀಟಿಗೆ ಹೊಂದುವುದಿಲ್ಲವೆಂದು ಅರ್ಜಿ ಮರಳಿ ಬಂತು.

ಇನಿಷಿಯಲ್ ಬಿಡಿಸಿ ಬರೆದು ಎರಡನೆಯ ಸಲ ಕಳುಹಿಸಿದೆ. ‘ಮೇಡಂ, ಇದರಲ್ಲಿ ನಿಮ್ಮ ಸರ್‌ನೇಮ್ ಯಾವುದು?’ ಎಂದು ಗುರುಗ್ರಾಮದಿಂದಲೋ ಮುಂಬೈಯಿಂದಲೋ ಒಬ್ಬ ಹುಡುಗಿ ಹಿಂದಿಯಲ್ಲಿ ಕೇಳಿದಳು. ಅದು ಊರಿನ ಹೆಸರಮ್ಮ ಎಂದೆ. ಹಾಗಾದರೆ ಊರನ್ನು ವಿಳಾಸದ ಚೌಕದಲ್ಲಿ ಬರೆಯಿರಿ ಎಂದಳು. ಮೂರನೆಯ ಸಲ ಮದುವೆಯ ನೋಂದಣಿ ಪತ್ರ ಲಗತ್ತಿಸಿದೆ. ಅದರಲ್ಲಿಯೂ ಇನಿಷಿಯಲ್ಲೇ ಇದ್ದುದರಿಂದ ಅದೂ ಹೊಂದಲಿಲ್ಲ. ಪ್ರತಿ ಸಲವೂ ಅರ್ಜಿ ಹೊಸದಾಗಿ ದಾಖಲಾಗುತ್ತಿತ್ತು, ಹಳೆಯ ಸಂಖ್ಯೆ ರದ್ದಾಗುತ್ತಿತ್ತು, ಹೊಸಬರೊಬ್ಬರಿಗೆ ಇನಿಷಿಯಲ್ ಎಂದರೇನೆಂದು ಮೊದಲಿಂದ ಪಾಠ ಮಾಡಬೇಕಾಗುತ್ತಿತ್ತು. ಇಪ್ಪತ್ತಾರು ವರ್ಷ ಪಾಠ ಮಾಡಿದವಳಿಗೂ ಅದು ಸಾಕಾಗಿಹೋಯಿತು.

ಕೊನೆಗೆ ಕೋರ್ಟಿನ ಎದುರಿನ ನೋಟರಿಯೊಬ್ಬರು ಹತ್ತು ನಿಮಿಷದಲ್ಲಿ ಬಿಡಿಸಿಕೊಟ್ಟರು. ನೂರು ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ, ಒಪ್ಪಂದದಲ್ಲಿರುವ ಹೆಸರು ಮತ್ತು ಆಧಾರಿನಲ್ಲಿರುವ ಹೆಸರು ಎರಡೂ ಒಬ್ಬಳೇ ವ್ಯಕ್ತಿಯವು ಎಂದು ಅಫಿಡವಿಟ್ ಮಾಡಿಸಿ, ಎರಡೂ ರೀತಿಯ ಸಹಿಯನ್ನು ಅದರಲ್ಲೇ ಹಾಕಿಸಿದರು. ಆ ಎರಡನೆಯ ಸಹಿಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ಒಪ್ಪಿಸಲು ಹೊರಟವರು ಪತ್ರ ಬರೆಯುವ ಮೊದಲೇ ಒಪ್ಪಂದದ ಮೊದಲ ಪುಟವನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದರೆ ನಾಲ್ಕು ತಿಂಗಳು ಉಳಿಯುತ್ತದೆ. ಆಗಸ್ಟಿನ ಕೊನೆಗೆ ರದ್ದತಿಯ ಪತ್ರ ಬಂತು. ಆ ವರ್ಷದ ₹24,780ನ್ನು ಮಾರ್ಚಿನ ಪತ್ರದ ದಿನಾಂಕದ ಆಧಾರದ ಮೇಲೆ ಕೈಬಿಟ್ಟರು. ಅಂಚೆಯ ಸ್ವೀಕೃತಿ ಚೀಟಿ ಇಲ್ಲದಿದ್ದರೆ ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಐದನೆಯದಾದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ದಾರಿಯನ್ನು ಬಾಗಿಲವರೆಗೆ ಮಾತ್ರ ನೋಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು. 2012ರಲ್ಲಿ ನಮಗೆ ಸುಳ್ಳು ಹೇಳಿ ಮಾರಿದರೆಂದು 2024ರಲ್ಲಿ ಹೋಗಿ ಹೇಳುವುದು ಕಷ್ಟ. ಒಪ್ಪಂದವೇ ಅನ್ಯಾಯದ್ದೆಂಬ ಘೋಷಣೆ ಬೇಕಿದ್ದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಅಷ್ಟರಲ್ಲಿ ಮುಗಿದದ್ದನ್ನು ನಾನು ಕಂಡಿಲ್ಲ. ಕೊಂಡು ವರ್ಷವೂ ಆಗದವರಿಗೆ, ದೊಡ್ಡ ಮೊತ್ತ ಸಿಕ್ಕಿಹಾಕಿಕೊಂಡವರಿಗೆ, ಮಾರುವಾಗ ಕೊಟ್ಟ ಮಾತು ಇಮೇಲಿನಲ್ಲೋ ವಾಟ್ಸ್‌ಆ್ಯಪಿನಲ್ಲೋ ಉಳಿದಿರುವವರಿಗೆ ಇದೇ ಸರಿಯಾದ ದಾರಿ, ಅಂಥವರು ಒಪ್ಪಿಸುವ ಪತ್ರ ಬರೆದು ಹಣದ ಹಕ್ಕನ್ನು ಕಳೆದುಕೊಳ್ಳಬಾರದು. ಕೊಂಡು ಒಂದೆರಡು ದಿನವಷ್ಟೇ ಆಗಿದ್ದರೆ ಒಪ್ಪಂದದ ಸಣ್ಣಕ್ಷರದಲ್ಲಿ ಹಿಂದೆ ಸರಿಯುವ ಅವಧಿ ಎಷ್ಟಿದೆಯೆಂದು ಮೊದಲು ನೋಡಬೇಕು. ನಮ್ಮದರಲ್ಲಿ ಹತ್ತು ದಿನ ಇತ್ತು, ನಾವು ಅದನ್ನು ಓದಿದ್ದು ಹನ್ನೊಂದನೆಯ ವರ್ಷ.

ರದ್ದತಿಯ ಪತ್ರ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಶುಲ್ಕ ಪ್ರತಿವರ್ಷ ತಾನಾಗಿ ಕಡಿತವಾಗಲೆಂದು ನಾವು ಬ್ಯಾಂಕಿಗೆ ಎನ್‌ಎಸಿಎಚ್ ಒಪ್ಪಿಗೆ ಕೊಟ್ಟಿದ್ದೆವು, ಸದಸ್ಯತ್ವ ರದ್ದಾದರೆ ಅದೂ ತಾನಾಗಿ ರದ್ದಾಗುತ್ತದೆಂದು ಕಂಪನಿಯವರು ಫೋನಿನಲ್ಲಿ ಹೇಳಿದ್ದರು. ಫೋನಿನ ಮಾತನ್ನು ನಂಬುವ ಕಾಲ ನಮಗೆ ಕಳೆದಿತ್ತು, ಹಾಗಾಗಿ ಪತ್ರದ ನಕಲು ಹಿಡಿದು ಶಾಖೆಗೇ ಹೋಗಿ ಬರೆದುಕೊಟ್ಟು ರದ್ದು ಮಾಡಿಸಿದೆವು. 2025ರ ಏಪ್ರಿಲ್ ಏಳರ ಬೆಳಿಗ್ಗೆ, ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದಾಗ, ₹24,780 ಕಡಿತದ ಕೋರಿಕೆ ಬಂದಿತ್ತು, ಒಪ್ಪಿಗೆ ರದ್ದಾಗಿರುವುದರಿಂದ ತಿರಸ್ಕೃತವಾಗಿದೆ ಎಂಬ ಎಸ್‌ಎಂಎಸ್ ಬಂತು.